ಗ್ರಾಮ ಸಭೆ ಅಂದರೆ ಪಂಚಾಯಿತಿ ಮೀಟಿಂಗ್ ಅಲ್ಲ

‘ಗ್ರಾಮ ಸಭೆಯಲ್ಲಿ ಅಧ್ಯಕ್ಷರ ವಿರುದ್ಧ ಅವಿಶ್ವಾಸ.’ ಮೈಸೂರು, ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಥರದ ಸಾಲು ಮತ್ತೆ ಮತ್ತೆ ಬರುತ್ತದೆ. ಅವಿಶ್ವಾಸ ಮಂಡಿಸುವವರು ಪಂಚಾಯಿತಿ ಸದಸ್ಯರು. ಅದು ನಡೆಯುವುದು ಅವರದೇ ಸಭೆಯಲ್ಲಿ. ಗ್ರಾಮ ಸಭೆಗೂ ಅದಕ್ಕೂ ಸಂಬಂಧ ಇಲ್ಲ. ಪಂಚಾಯಿತಿ ಚುನಾವಣೆ ಗೆದ್ದವರ ಹೆಸರಿನ ಕೆಳಗೆ ‘ಗ್ರಾಮ ಸಭಾ ಸದಸ್ಯರು’ ಅಂತ ಫ್ಲೆಕ್ಸ್ ಹಾಕುವುದೂ ಹೀಗೇ. ಗ್ರಾಮ ಸಭೆಯ ಸದಸ್ಯರಾಗಲು ಚುನಾವಣೆಗೆ ನಿಲ್ಲಬೇಕಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಸಂವಿಧಾನದ 243ನೇ ವಿಧಿ ಹೇಳುವುದು ಇಷ್ಟನ್ನೇ.

ಪದದ ಬೇರು ನೋಡಿದರೂ ಇದೇ ಸಿಗುತ್ತದೆ. ಈಗ ‘ಗ್ರಾಮ’ ಅಂದ ಕೂಡಲೇ ನಮಗೆ ಮನೆ, ಬೀದಿ, ಕೆರೆ, ಗಡಿಕಲ್ಲು ಕಣ್ಣಿಗೆ ಬರುತ್ತವೆ. ಆದರೆ ಸಂಸ್ಕೃತದಲ್ಲಿ ಈ ಪದದ ಹಳೆಯ ಅರ್ಥ ಗುಂಪು, ಸಮೂಹ. ಒಟ್ಟಿಗೆ ಓಡಾಡುವ ಜನರ ತಂಡಕ್ಕೆ ಹಾಗೆ ಅನ್ನುತ್ತಿದ್ದರು. ಜನ ಒಂದು ಕಡೆ ನೆಲೆನಿಂತ ಮೇಲೆ ಅವರು ಇದ್ದ ಜಾಗಕ್ಕೂ ಅದೇ ಹೆಸರು ಬಂತು. ಹಳೆಯ ಅರ್ಥ ಇನ್ನೂ ಪೂರ್ತಿ ಹೋಗಿಲ್ಲ. ‘ಇಂದ್ರಿಯಗ್ರಾಮ’ ಅಂದರೆ ಇಂದ್ರಿಯಗಳ ಊರಲ್ಲ, ಇಂದ್ರಿಯಗಳ ಗುಂಪು. ಸಂಗೀತದ ‘ಷಡ್ಜಗ್ರಾಮ’ ಸ್ವರಗಳ ಗುಂಪು. ‘ಸಂಗ್ರಾಮ’ದೊಳಗೆ ಇರುವುದೂ ಇದೇ ಗ್ರಾಮ. ಗುಂಪುಗಳು ಎದುರುಬದುರಾಗಿ ಸೇರಿದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಇತ್ತ ‘ಪಂಚಾಯಿತಿ’ಯಲ್ಲಿ ಇರುವುದು ಐದು ಅನ್ನುವ ಲೆಕ್ಕ. ನಾಲ್ಕೈದು ಜನ ಕೂತು ಎಲ್ಲರ ಪರವಾಗಿ ತೀರ್ಮಾನ ಮಾಡುವುದು. ಒಂದು ಪದದಲ್ಲಿ ಇಡೀ ಗುಂಪಿದೆ, ಇನ್ನೊಂದರಲ್ಲಿ ಆರಿಸಿದ ಕೆಲವರಿದ್ದಾರೆ. ಕಾನೂನಿನಲ್ಲೂ ವ್ಯತ್ಯಾಸ ಇದೇ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಪಂಚಾಯಿತಿ ಸದಸ್ಯ. ಅವರ ಅವಧಿ 5 ವರ್ಷ. ಅವಧಿ ಮುಗಿದು ಆಡಳಿತಾಧಿಕಾರಿ ಬಂದರೂ ಗ್ರಾಮ ಸಭೆ ಇದ್ದೇ ಇರುತ್ತದೆ. ಮತದಾರರಿಗೆ ಅವಧಿ ಎಲ್ಲಿದೆ?

ಗೊಂದಲಕ್ಕೆ ಒಂದು ಕಾರಣ ಇದೆ, ಒಪ್ಪೋಣ. ಗ್ರಾಮ ಸಭೆ ಕರೆಯುವುದು ಪಂಚಾಯಿತಿ, ಅಧ್ಯಕ್ಷತೆ ಪಂಚಾಯಿತಿ ಅಧ್ಯಕ್ಷರದು, ವರದಿ ಓದುವುದು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ವೇದಿಕೆಯ ಮೇಲೆ ಕೂತವರನ್ನು ನೋಡಿ ಸಭೆ ಅವರದೇ ಅಂದುಕೊಳ್ಳುತ್ತೇವೆ. ಮನೆ ಯಾರಿಗೆ ಸಿಗಬೇಕು ಅಂತ ಫಲಾನುಭವಿಗಳನ್ನು ಆರಿಸಬೇಕಾದವರು ಕೆಳಗೆ ಕೂತ ಜನ. ಅವರು ಸುಮ್ನೆ ಸಹಿ ಹಾಕಿ ಎದ್ದು ಹೋದರೆ ಪಟ್ಟಿ ಬೇರೆಲ್ಲೋ ತಯಾರಾಗುತ್ತದೆ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ನಡೆಯಲೇಬೇಕು ಅನ್ನುವ ನಿಯಮ ಇರುವುದು ಹೀಗಾಗಬಾರದು ಅಂತಲೇ.

ಜನ ವಿರಳವಾಗಿರುವ ಕಡೆ ಈ ಪದದ ತಪ್ಪು ಬಳಕೆಯಿಂದ ಜಾಸ್ತಿ ನಷ್ಟ ಆಗುತ್ತದೆ. ಪಂಚಾಯಿತಿ ಮಾಡುವುದು ಜನಸಂಖ್ಯೆಯ ಲೆಕ್ಕದಲ್ಲಿ, ಸಾಮಾನ್ಯವಾಗಿ 5,000ದಿಂದ 7,000 ಜನಕ್ಕೆ ಒಂದು. ಕೊಡಗು, ಚಿಕ್ಕಮಗಳೂರಿನಂಥ ಜಿಲ್ಲೆಗಳಿಗೆ 2,500 ಇದ್ದರೂ ಆಗುತ್ತದೆ ಅಂತ ಕಾಯ್ದೆಯಲ್ಲಿದೆ. ಆ ಪಟ್ಟಿಯಲ್ಲಿ ಮೈಸೂರು ಇಲ್ಲ. ಮಂಡ್ಯದ ನಾಲೆ ಬಯಲಿನಲ್ಲಿ ಒತ್ತೊತ್ತಾಗಿರುವ ಕೆಲವೇ ಊರು ಸೇರಿದರೆ ಲೆಕ್ಕ ತುಂಬುತ್ತದೆ. ಮೈಸೂರು ಜಿಲ್ಲೆಯದೇ ಆದ ಎಚ್.ಡಿ. ಕೋಟೆಯ ಕಾಡಂಚಿನಲ್ಲಿ, ಡಿ.ಬಿ. ಕುಪ್ಪೆ ಕಡೆ, ಊರುಗಳು, ಹಾಡಿಗಳು (ಆದಿವಾಸಿಗಳ ವಸತಿಗಳು) ಎಲ್ಲ ದೂರ ದೂರ. ಪಂಚಾಯಿತಿ ಆಫೀಸಿನ ಹತ್ತಿರ ಗ್ರಾಮ ಸಭೆ ಇಟ್ಟರೆ ಹಾಡಿಯವರು ಕೂಲಿ ಬಿಟ್ಟು, ಆನೆ ಓಡಾಡುವ ದಾರಿಯಲ್ಲಿ ಬರಬೇಕು. ಬರಲಿಲ್ಲ ಅಂದರೆ ‘ಆಸಕ್ತಿ ಇಲ್ಲ’ ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಇಲ್ಲಿಗೆ ಮುಗಿಯುವುದಿಲ್ಲ. ಕಾಡಿನಲ್ಲಿ ಬಾಳುವವರ ಹಕ್ಕನ್ನು ಒಪ್ಪುವ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ‘ಗ್ರಾಮ ಸಭೆ’ ಇದೆ, ಆದರೆ ಅದು ಬೇರೆ. ಅಲ್ಲಿ ಗ್ರಾಮದ ವಯಸ್ಕರೆಲ್ಲರೂ ಸದಸ್ಯರು, ಮತದಾರರ ಪಟ್ಟಿ ಕೇಳುವುದಿಲ್ಲ. ಸರ್ವೆ ಆಗದ ಊರು, ಕಾಡಿನ ಹಳೆಯ ವಸತಿ ಇವೂ ಅಲ್ಲಿ ‘ಗ್ರಾಮ’. ಅಂದರೆ ಆದಿವಾಸಿ ಜೇನುಕುರುಬರ ಒಂದು ಹಾಡಿಯೇ ಗ್ರಾಮ ಸಭೆಯಾಗಿ ಕೂರಬಹುದು. ಅರಣ್ಯ ಹಕ್ಕು ಸಮಿತಿಯನ್ನು ಆರಿಸುವುದೂ, ಯಾರ ಹಕ್ಕು ಎಲ್ಲಿಯವರೆಗೆ ಅಂತ ಮೊದಲು ಠರಾವು ಮಾಡುವುದೂ ಅದೇ ಸಭೆ. ಠರಾವಿಗೆ ಅರ್ಧದಷ್ಟು ಸದಸ್ಯರಾದರೂ ಹಾಜರಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಈ ಸಭೆಗೆ ಗುಂಪು ಅನ್ನುವ ಹಳೆಯ ಅರ್ಥವೇ ಸರಿಯಾಗಿ ಹೊಂದುತ್ತದೆ. ಕಂದಾಯ ದಾಖಲೆಯಲ್ಲಿ ಊರಿಲ್ಲದಿದ್ದರೂ ಜನ ಇದ್ದಾರಲ್ಲ!

ಇವೆರಡನ್ನೂ ಕಲಸಿಬಿಟ್ಟರೆ ಹಾಡಿಯವರು ಕೂತು ತೀರ್ಮಾನಿಸಬೇಕಾದ್ದು ಹತ್ತಾರು ಊರಿನ ದೊಡ್ಡ ಸಭೆಯಲ್ಲಿ ಒಂದು ನಿಮಿಷದ ವಿಷಯವಾಗಿ ಬಿಡುತ್ತದೆ. ‘ನಿಮ್ಮ ಅರಣ್ಯ ಹಕ್ಕಿನ ಅರ್ಜಿ ಗ್ರಾಮ ಸಭೆಯಲ್ಲಿ ತಿರಸ್ಕೃತ’ ಅಂತ ಯಾರಾದರೂ ಹೇಳಿದರೆ ಯಾವ ಗ್ರಾಮ ಸಭೆ ಅಂತ ಕೇಳಿ. ಠರಾವಿನ ಪ್ರತಿ ಕೇಳಿ, ಹಾಜರಿ ಪುಸ್ತಕ ನೋಡಿ. ಅರಣ್ಯ ಹಕ್ಕಿನ ಗ್ರಾಮ ಸಭೆಯ ಠರಾವು ಒಪ್ಪಿಗೆ ಆಗದಿದ್ದರೆ ಉಪವಿಭಾಗ ಮಟ್ಟದ ಸಮಿತಿಗೆ ಮೇಲ್ಮನವಿ ಕೊಡಬಹುದು. ಅದಕ್ಕೆ ಠರಾವಾದ ದಿನದಿಂದ 60 ದಿನ ಸಮಯ ಇದೆ.