‘ಮತ್ತೆ’ ಎನ್ನುವ ಮೊದಲು

ಪ್ರಶ್ನೆ: ಮೇಷ್ಟ್ರೇ, ಈಗಿನ ಹುಡುಗರಿಗೆ ಹಿರಿಯರೆಂದರೆ ಲೆಕ್ಕವಿಲ್ಲ. ಹೊತ್ತು ಹುಟ್ಟಿದರೆ ಮೊಬೈಲು, ಹೊತ್ತು ಮುಳುಗಿದರೆ ಬೈಕು. ಹಿಂದೆ ಇದ್ದಂತೆ ಕಡ್ಡಾಯ ಸೈನಿಕ ಸೇವೆಯನ್ನು ಮತ್ತೆ ಜಾರಿಗೆ ತಂದರೆ ಎಲ್ಲ ಸರಿಹೋಗುವುದಿಲ್ಲವೇ? (ಚಿಂತಾಮಣಿಯ ಓದುಗರೊಬ್ಬರು)

ಉತ್ತರ: ಈ ಪ್ರಶ್ನೆಗೆ ನಾನು ಉತ್ತರ ಹೇಳುತ್ತಿರುವುದು ಎಷ್ಟನೆಯ ಸಲವೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಹೇಳಿದ್ದಾಯಿತು, ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಬಾಗೇಪಲ್ಲಿ ಬಸ್ಸಿಗೆ ಕಾಯುತ್ತ ಹೇಳಿದ್ದಾಯಿತು, ಒಮ್ಮೆ ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಹೋಗಿ ಇನ್ನರ್ಧ ಉಳಿದಿದ್ದಾಗಲೂ ಹೇಳಿದ್ದಾಯಿತು. ಮೂವತ್ತೈದು ವರ್ಷ ದೈಹಿಕ ಶಿಕ್ಷಕನಾಗಿದ್ದವನು, ಶಾಲೆಯ ಎನ್.ಸಿ.ಸಿ. (ವಿದ್ಯಾರ್ಥಿಗಳಿಗೆ ಕವಾಯತು ಕಲಿಸುವ ದಳ) ನೋಡಿಕೊಂಡವನು, ನಿವೃತ್ತಿಯಾದ ಮೇಲೂ ಬೆಳಗಿನ ಐದಕ್ಕೆ ಎದ್ದು ಸೈನ್ಯದ ಭರ್ತಿಗೆ ಹೋಗುವ ಹುಡುಗರನ್ನು ಓಡಿಸುವವನು. ಇಂಥವನು ‘ತರಲಿ, ತರಲೇಬೇಕು’ ಎಂದು ಮೀಸೆ ತಿರುವುತ್ತಾನೆ ಎಂದು ಎಲ್ಲರೂ ಕಾದಿರುತ್ತಾರೆ. ಬೇಡ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಈ ಸಲ ಬರೆದೇ ಬಿಡುತ್ತೇನೆ. ಮುಂದೆ ಕೇಳಿದವರ ಕೈಗೆ ಇದನ್ನೇ ಕೊಡಬಹುದು.

ಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ನಿಮ್ಮ ಪ್ರಶ್ನೆಯಲ್ಲಿ ‘ಹಿಂದೆ ಇದ್ದಂತೆ’ ಎಂದಿದೆ, ‘ಮತ್ತೆ’ ಎಂದೂ ಇದೆ. ಎರಡಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ. ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆ ಇರಲೇ ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ಒಂದು ದಿನದ ಮಟ್ಟಿಗೂ ಇರಲಿಲ್ಲ. 1947ರ ಕಾಶ್ಮೀರ, 1962, 1965, 1971, 1999ರ ಕಾರ್ಗಿಲ್, ಯಾವ ಯುದ್ಧವನ್ನಾದರೂ ತೆಗೆದುಕೊಳ್ಳಿ. ಅಲ್ಲಿ ಬಂದೂಕು ಹಿಡಿದು ನಿಂತವರೆಲ್ಲ ತಾವಾಗಿಯೇ ಸಾಲಿನಲ್ಲಿ ನಿಂತು, ಎದೆ ಅಳೆಸಿಕೊಂಡು ಸೇರಿದವರು.

ಇಷ್ಟು ಹೇಳುವಷ್ಟರಲ್ಲಿ ಪಕ್ಕದವರು ಬಾಯಿ ಹಾಕುತ್ತಾರೆ: ‘ಬ್ರಿಟಿಷರ ಕಾಲದಲ್ಲಿ ಇತ್ತಲ್ಲ?’ ಆಗಲೂ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯ 25 ಲಕ್ಷ ದಾಟಿತು. ಕಡ್ಡಾಯವಿಲ್ಲದೆ ಕಟ್ಟಿದ ಸೈನ್ಯಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಎಂಬ ಹೆಸರು ಅದಕ್ಕಿದೆ. ಅವರಲ್ಲಿ ಎಷ್ಟೋ ಜನರನ್ನು ಬರಮಾಡಿಕೊಂಡದ್ದು ಸಂಬಳ, ಎರಡು ಹೊತ್ತಿನ ಊಟ, ಒಂದು ಜೊತೆ ಬೂಟು; ಹೊಟ್ಟೆಯ ಕರೆಯೂ ಕರೆಯೇ. ಆದರೆ ಕಾನೂನು ಯಾರ ಮನೆಯ ಬಾಗಿಲಿಗೂ ಬಂದು ನಿಲ್ಲಲಿಲ್ಲ. ತಮಾಷೆಯೆಂದರೆ, ಈ ನೆಲದಲ್ಲಿ ಸೈನಿಕ ಸೇವೆಯನ್ನು ಕಡ್ಡಾಯ ಮಾಡಿದ ಕಾನೂನೊಂದು ಬಂದದ್ದುಂಟು, 1917ರಲ್ಲಿ. ಅದು ಕಟ್ಟಿಹಾಕಿದ್ದು ಇಲ್ಲಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳನ್ನು. ಭಾರತೀಯರು ಇಷ್ಟವಿದ್ದರೆ ಸೇರಬಹುದಿತ್ತು. 1940ರಲ್ಲಿ ಇನ್ನೊಂದು ಕಾನೂನು ಬಂತು, ಅದೂ ಅವರಿಗೇ. ಕೆ.ಜಿ.ಎಫ್.ನಲ್ಲಿ ದೊರೆಗಳ ಬಂಗಲೆಗಳನ್ನು ನೋಡಿದವರಿಗೆ ಆ ಜಾತಿಯ ಜನ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ‘ಮತ್ತೆ ತನ್ನಿ’ ಎನ್ನುವವರು ಮೊದಲು ದೊರೆಗಳನ್ನು ಮತ್ತೆ ಕರೆಸಬೇಕಾಗುತ್ತದೆ.

ಇನ್ನೂ ಹಿಂದಕ್ಕೆ ಜಾರುವವರಿದ್ದಾರೆ. ಪಾಳೆಯಗಾರರ ಕಾಲದಲ್ಲಿ ಮನೆಗೊಬ್ಬ ಕತ್ತಿ ಹಿಡಿಯಬೇಕಿತ್ತಂತೆ, ಅವರ ತಾತ ಹೇಳಿದ್ದರಂತೆ. ಹಳೆಯ ಮೈಸೂರು ಸೀಮೆಯಲ್ಲಿ ‘ಕಂದಾಚಾರ’ ಎಂಬ ನಾಡಪಡೆ ಇದ್ದದ್ದು ನಿಜ. ಆದರೆ ಅವರು ಸಂಬಳದ ಕಾಲಾಳುಗಳು, ಯುದ್ಧವಿಲ್ಲದಾಗ ಊರುಕೇರಿಯ ಕಾವಲು ನೋಡಿಕೊಳ್ಳುತ್ತಿದ್ದವರು. ಇವತ್ತು ಅದೇ ಅಕ್ಷರಗಳ ಮಾತಿಗೆ ಹಿಂದುಮುಂದು ನೋಡದೆ ಹಿಡಿದುಕೊಂಡ ಹಳೆಯ ನಂಬಿಕೆ ಎಂದು ಅರ್ಥ. ನಮ್ಮ ಚರ್ಚೆಗೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು ಎಂದು ಎದೆಯುಬ್ಬಿಸುವವರಿಗೂ ಹೇಳಿಬಿಡುತ್ತೇನೆ: ಆ ಕುದುರೆ ಸವಾರರು ಮಹಾರಾಜರ ಸಂಬಳದ ಸೈನಿಕರು, ಹಿಡಿದು ತಂದ ರೈತರ ಮಕ್ಕಳಲ್ಲ.

ಹಾಗಾದರೆ ಇಷ್ಟು ಜನಕ್ಕೆ ಈ ನೆನಪು ಬಂದದ್ದೆಲ್ಲಿಂದ? ಸುಳ್ಳಿಗೂ ಒಂದು ಬೇರು ಇರುತ್ತದೆ, ಅದನ್ನು ಹುಡುಕದೆ ಬರೀ ಕೊಂಬೆ ಕಡಿದರೆ ಮುಂದಿನ ಮಳೆಗೆ ಚಿಗುರುತ್ತದೆ. ನನಗೆ ಬೇರು ಸಿಕ್ಕಿದ್ದು ನಮ್ಮ ಮನೆಯಲ್ಲೇ.

ನಮ್ಮ ದೊಡ್ಡಣ್ಣ 1964ರಲ್ಲಿ ಕಾಲೇಜು ಸೇರಿದ. ಅವನಿಗೀಗ ಎಂಬತ್ತರ ಹತ್ತಿರ. ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಸೇರಿದರೆ ಸಾಕು, ‘ನಮ್ಮ ಕಾಲದಲ್ಲಿ ಎಲ್ಲರಿಗೂ ಮಿಲಿಟರಿ ಕಡ್ಡಾಯವಾಗಿತ್ತು’ ಎಂದು ಶುರುಮಾಡುತ್ತಾನೆ. ಅವನು ಸುಳ್ಳುಗಾರನಲ್ಲ. ಅವನು ಹೇಳುತ್ತಿರುವುದು ಎನ್.ಸಿ.ಸಿ.ಯ ಕಥೆ. 1962ರಲ್ಲಿ ಚೀನಾದ ಕೈಯಲ್ಲಿ ಪೆಟ್ಟು ತಿಂದ ಮೇಲೆ, 1963ರಲ್ಲಿ ಕಾಲೇಜು ಹುಡುಗರಿಗೆಲ್ಲ ಎನ್.ಸಿ.ಸಿ.ಯನ್ನು ಕಡ್ಡಾಯ ಮಾಡಿದರು. ಐದು ವರ್ಷ ನಡೆಯಿತು. 1968ರಲ್ಲಿ ಕಡ್ಡಾಯವನ್ನು ತೆಗೆದುಹಾಕಿದರು, ಮರುವರ್ಷ ವಿದ್ಯಾರ್ಥಿಗಳ ಸಮಾಜಸೇವೆಗೆಂದು ಎನ್.ಎಸ್.ಎಸ್. ಹುಟ್ಟಿತು. ನಮ್ಮ ಸೀಮೆಯ ಎಲ್ಲ ಅಜ್ಜಂದಿರ ‘ಕಡ್ಡಾಯ ಮಿಲಿಟರಿ’ ಇಷ್ಟೇ, ಈ ಐದು ವರ್ಷ.

ಎನ್.ಸಿ.ಸಿ. ಸೈನ್ಯವಲ್ಲ. ಕೆಡೆಟ್ ಆದವನಿಗೆ ಯುದ್ಧಕ್ಕೆ ಹೋಗುವ ಹೊಣೆ ಇಲ್ಲ, ಕಾಯ್ದೆ ಬಂದ 1948ರಿಂದಲೂ ಇಲ್ಲ. ಇದನ್ನು ಎನ್.ಸಿ.ಸಿ. ನಡೆಸಿದ ನಾನೇ ಹೇಳುತ್ತಿದ್ದೇನೆ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ; ಪೇರಳೆಯನ್ನು ಹಲಸು ಎಂದು ಕರೆದರೆ ಪೇರಳೆಗೇನೂ ಮರ್ಯಾದೆ ಹೆಚ್ಚುವುದಿಲ್ಲ. ಅಣ್ಣನಿಗೆ ಒಂಟಿಯಾಗಿ ಸಿಕ್ಕಾಗ ಕೇಳಿದರೆ ಉಳಿದ ಕಥೆಯೂ ಹೊರಬೀಳುತ್ತದೆ. ಅವನ ಖಾಕಿ ಚಡ್ಡಿಯಲ್ಲಿ ಇನ್ನೊಬ್ಬ ಹಿಡಿಯುತ್ತಿದ್ದನಂತೆ. ಬಂದೂಕು ಸಾಲದೆ ಮರದ ತುಂಡು ಹಿಡಿದು ಸಲಾಮು ಹೊಡೆಯುತ್ತಿದ್ದರಂತೆ. ಹಾಜರಿ ಕೂಗಿದ ಮೇಲೆ ಹಿಂದಿನ ಎರಡು ಸಾಲು ಹುಣಸೆ ತೋಪಿನಲ್ಲಿ ಕರಗಿಹೋಗುತ್ತಿತ್ತಂತೆ. ಕಲಿಸುವವರು ಬೆರಳೆಣಿಕೆ, ಕಲಿಯುವವರು ಜಾತ್ರೆ.

‘ಏನಾದರಾಗಲಿ, ಶಿಸ್ತಂತೂ ಬಂತಲ್ಲ’ ಎನ್ನುತ್ತೀರಿ. ಬಂತೇ? ದಯವಿಟ್ಟು ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ದೇಶದ ಕಾಲೇಜು ಹುಡುಗರೆಲ್ಲ ಕಡ್ಡಾಯವಾಗಿ ಎಡ-ಬಲ ಹಾಕುತ್ತಿದ್ದ ಅದೇ 1965ರಲ್ಲಿ ಪಕ್ಕದ ಮದ್ರಾಸ್ ರಾಜ್ಯದಲ್ಲಿ ವಿದ್ಯಾರ್ಥಿಗಳು ಹಿಂದಿಯ ವಿರುದ್ಧ ಬೀದಿಗಿಳಿದರು, ಗೋಲಿಬಾರು ನಡೆಯಿತು. 1968ರ ಜನವರಿಯಲ್ಲಿ ಅಲ್ಲಿನ ವಿಧಾನಸಭೆ ಎನ್.ಸಿ.ಸಿ.ಯ ಹಿಂದಿ ಆಜ್ಞೆಗಳನ್ನೇ ಕೈಬಿಡಬೇಕೆಂದು ನಿರ್ಣಯ ಮಾಡಿತು. ಹುಡುಗರು ಬೀದಿಗಿಳಿದದ್ದು ಸರಿಯೋ ತಪ್ಪೋ ಎಂಬುದಕ್ಕೆ ನಾನು ಹೋಗುವುದಿಲ್ಲ. ಕವಾಯತು ಮಾಡಿದವರು ತಲೆತಗ್ಗಿಸಿ ಮನೆಯಲ್ಲಿ ಕೂರುತ್ತಾರೆ ಎಂಬ ನಿಮ್ಮ ಲೆಕ್ಕ ಕೂಡಲಿಲ್ಲ, ಅಷ್ಟೇ.

ಅರ್ಜೆಂಟೀನಾದವರು ಈ ಲೆಕ್ಕವನ್ನು ಇನ್ನೂ ಅಚ್ಚುಕಟ್ಟಾಗಿ ಪರೀಕ್ಷಿಸುವಂತೆ ಮಾಡಿಟ್ಟಿದ್ದರು. ಅಲ್ಲಿ ಯಾರು ಸೈನ್ಯಕ್ಕೆ ಹೋಗಬೇಕೆಂಬುದು ಗುರುತಿನ ಸಂಖ್ಯೆಯ ಕೊನೆಯ ಮೂರು ಅಂಕಿಗಳ ಮೇಲೆ ಲಾಟರಿಯಿಂದ ತೀರ್ಮಾನವಾಗುತ್ತಿತ್ತು. ಹೀಗೆ ಹೋದವರನ್ನೂ ತಪ್ಪಿಸಿಕೊಂಡವರನ್ನೂ ಅರ್ಥಶಾಸ್ತ್ರಜ್ಞರು ಮುಂದೆ ಹೋಲಿಸಿ ನೋಡಿದರು. ಸೈನ್ಯಕ್ಕೆ ಹೋಗಿ ಬಂದವರ ಮೇಲೆಯೇ ಪೊಲೀಸ್ ಪ್ರಕರಣ ದಾಖಲಾಗುವ ಸಂಭವ ಸ್ವಲ್ಪ ಹೆಚ್ಚಿತ್ತು. 2011ರಲ್ಲಿ ಪ್ರಕಟವಾದ ಫಲಿತಾಂಶ ಇದು. ಎಲ್ಲರೂ ಕೆಟ್ಟರು ಎಂದಲ್ಲ, ಆದರೆ ಸೈನ್ಯ ಅವರನ್ನು ತಿದ್ದಿದಂತೆಯೂ ಕಾಣಲಿಲ್ಲ.

‘ಮತ್ತೆ’ ಎನ್ನುವ ಹಕ್ಕು ಇರುವ ದೇಶಗಳಿವೆ. ಬ್ರಿಟನ್ನಿನಲ್ಲಿ ಇತ್ತು, 1960ರಲ್ಲಿ ಹೊಸಬರನ್ನು ಕರೆಯುವುದನ್ನು ನಿಲ್ಲಿಸಿದರು. ಜರ್ಮನಿ 2011ರಲ್ಲಿ ತಡೆಹಿಡಿಯಿತು. ಸ್ವೀಡನ್ 2010ರಲ್ಲಿ ನಿಲ್ಲಿಸಿ, ರಷ್ಯಾದ ಭಯಕ್ಕೆ 2017ರಲ್ಲಿ ಮತ್ತೆ ತಂದಿತು, ಅದೂ ಎಲ್ಲರನ್ನೂ ಕರೆಯದೆ ಆರಿಸಿಕೊಂಡು. ಅಲ್ಲಿನವರ ಚರ್ಚೆಯ ವಿಡಿಯೋ ಇಲ್ಲಿಗೆ ಹಾರಿ ಬರುತ್ತದೆ, ಯಾರೋ ಕನ್ನಡದಲ್ಲಿ ಎರಡು ಸಾಲು ಅಂಟಿಸುತ್ತಾರೆ, ಚಿಂತಾಮಣಿ ತಲುಪುವಷ್ಟರಲ್ಲಿ ಅದು ನಮ್ಮದೇ ಹಳೆಯ ಸಂಪ್ರದಾಯವಾಗಿರುತ್ತದೆ. ಜೊತೆಗೆ ಅಗ್ನಿಪಥವೇ ಕಡ್ಡಾಯ ಸೇವೆಯ ಮೊದಲ ಮೆಟ್ಟಿಲು ಎಂಬ ಗಾಳಿಮಾತು ಬೇರೆ. 2022ರ ಜೂನ್‌ನಲ್ಲಿ ಘೋಷಣೆಯಾದ ಆ ಯೋಜನೆ ಅರ್ಜಿ ಹಾಕಿದವರಿಗೆ ಮಾತ್ರ: ನಾಲ್ಕು ವರ್ಷ, ಆಮೇಲೆ ಶೇಕಡ 25ರಷ್ಟು ಜನರವರೆಗೆ ಉಳಿಸಿಕೊಳ್ಳುತ್ತಾರೆ. ಅದರ ಬಗ್ಗೆ ನನಗೂ ತಕರಾರುಗಳಿವೆ, ಆದರೆ ಕಡ್ಡಾಯ ಎಂಬುದು ಅವುಗಳಲ್ಲಿಲ್ಲ.

ಇನ್ನು ಬೇಕೇ ಬೇಡವೇ. ಇದಕ್ಕೆ ಹೆಚ್ಚು ಹೊತ್ತು ಬೇಡ. ಸಂವಿಧಾನ ಅಡ್ಡ ಬರುವುದಿಲ್ಲ. 23ನೆಯ ವಿಧಿಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಕಡ್ಡಾಯ ಸೇವೆ ವಿಧಿಸಲು ಅವಕಾಶವಿದೆ, ಧರ್ಮ, ಜನಾಂಗ, ಜಾತಿ, ವರ್ಗ ನೋಡಬಾರದು ಅಷ್ಟೇ. ಅಡ್ಡ ಬರುವುದು ಗಣಿತ. ದೇಶದಲ್ಲಿ ವರ್ಷಕ್ಕೆ ಹದಿನೆಂಟು ತುಂಬುವ ಹುಡುಗರು ಒಂದು ಕೋಟಿಗೆ ಮೇಲೆಯೇ. ಒಂದೇ ಕೋಟಿ ಎಂದು ಹಿಡಿಯಿರಿ. ಎರಡು ವರ್ಷದ ಸೇವೆಯೆಂದರೆ ಯಾವಾಗಲೂ ಎರಡು ಕೋಟಿ ಜನ ಸಮವಸ್ತ್ರದಲ್ಲಿ. ಈಗಿನ ಭೂಸೇನೆ ಹನ್ನೆರಡು ಲಕ್ಷದ ಆಸುಪಾಸು. ಅಗ್ನಿಪಥದಲ್ಲಿ ಸೇರಿದ ಸೈನಿಕನ, ಅಂದರೆ ಅಗ್ನಿವೀರನ, ಮೊದಲ ವರ್ಷದ ಸಂಬಳ ತಿಂಗಳಿಗೆ 30,000 ರೂಪಾಯಿ. ಅದನ್ನೇ ಕೊಟ್ಟರೂ ವರ್ಷಕ್ಕೆ 7.2 ಲಕ್ಷ ಕೋಟಿ. 2025–26ರಲ್ಲಿ ಇಡೀ ರಕ್ಷಣಾ ಇಲಾಖೆಗೆ ಇಟ್ಟ ಹಣ 6.81 ಲಕ್ಷ ಕೋಟಿ, ವಿಮಾನ, ಹಡಗು, ಪಿಂಚಣಿ ಎಲ್ಲ ಸೇರಿ. ಊಟ, ಬಟ್ಟೆ, ಬ್ಯಾರಕ್ಕುಗಳನ್ನು ನಾನಿನ್ನೂ ಕೂಡಿಸಿಲ್ಲ.

ಇಷ್ಟಕ್ಕೂ ಕಡ್ಡಾಯ ಮಾಡುವುದು ಬರುವವರಿಲ್ಲದಾಗ. 2022ರಲ್ಲಿ ವಾಯುಪಡೆಯ ಸುಮಾರು ಮೂರು ಸಾವಿರ ಅಗ್ನಿವೀರ ಹುದ್ದೆಗಳಿಗೆ ಬಂದ ಅರ್ಜಿಗಳು ಏಳೂವರೆ ಲಕ್ಷದಷ್ಟು. ಬಾಗಿಲ ಮುಂದೆ ಇಷ್ಟು ಜನ ನಿಂತಿರುವಾಗ ಹಿತ್ತಲಿನಿಂದ ಯಾರನ್ನು ಎಳೆದು ತರುತ್ತೀರಿ? ನೀವು ಹುಡುಕುತ್ತಿರುವ ಶಿಸ್ತನ್ನು ನೋಡಬೇಕಾದರೆ ಬೆಳಗಿನ ಜಾವ ನಮ್ಮ ಬೈಪಾಸಿನ ಸರ್ವಿಸ್ ರಸ್ತೆಗೆ ಬನ್ನಿ. ನಂದಿ ಬೆಟ್ಟದ ಮೇಲೆ ಇನ್ನೂ ಬೆಳಕು ಮೂಡಿರುವುದಿಲ್ಲ. ಶಿಡ್ಲಘಟ್ಟದ ರೀಲರ್ ಮನೆಯ ಹುಡುಗ ರಾತ್ರಿಯೆಲ್ಲ ರೇಷ್ಮೆ ಗೂಡು ಬೇಯಿಸಿ ಬಂದಿರುತ್ತಾನೆ. ಬಾಗೇಪಲ್ಲಿ ಕಡೆಯವರು ತೆಲುಗಿನಲ್ಲಿ ನನ್ನನ್ನು ಬೈದುಕೊಳ್ಳುತ್ತಲೇ ಓಡುತ್ತಾರೆ, ನನಗೆ ತೆಲುಗು ಬರುವುದಿಲ್ಲ ಎಂದು ತಿಳಿದಿದ್ದಾರೆ ಪಾಪ. 1.6 ಕಿಲೋಮೀಟರ್, ಐದೂವರೆ ನಿಮಿಷದ ಗುರಿ, ಆಮೇಲೆ ಹತ್ತು ಪುಲ್-ಅಪ್. ಇವರನ್ನು ಯಾರೂ ಕಡ್ಡಾಯ ಮಾಡಿಲ್ಲ. ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡುತ್ತಾರೆ ಎಂದು ಬೈಯುವ ಹಿರಿಯರೂ ನೀವೇ ಅಲ್ಲವೇ?

ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಈ ಪ್ರಶ್ನೆ ಕೇಳುವವರಿಗೆ ಒಂದು ಸಿಹಿ ಸುದ್ದಿ ಇಟ್ಟಿದ್ದೇನೆ. ಪ್ರಾದೇಶಿಕ ಸೇನೆಯ (ಬೇರೆ ಕೆಲಸದಲ್ಲಿದ್ದುಕೊಂಡೇ ಅಗತ್ಯ ಬಿದ್ದಾಗ ಸೇವೆ ಮಾಡುವವರ ಪಡೆ, ಟೆರಿಟೋರಿಯಲ್ ಆರ್ಮಿ) ಕಾಯ್ದೆಯ ಪ್ರಕಾರ, 20ರಿಂದ 40 ವರ್ಷದೊಳಗಿನ ಸರ್ಕಾರಿ ನೌಕರರನ್ನು ಅಗತ್ಯ ಬಿದ್ದರೆ ಆ ಸೇನೆಯ ಸೇವೆಗೆ ಕರೆಯಬಹುದು. ಹಿಂದೊಮ್ಮೆ ಕಚೇರಿಯೊಂದರಲ್ಲಿ ಇದನ್ನು ಹೇಳಿದೆ. ಚರ್ಚೆ ಅಲ್ಲಿಗೇ ಮುಗಿದು, ನನಗೆ ಬೇಕಾಗಿದ್ದ ಕಾಗದಕ್ಕೆ ತಕ್ಷಣ ಸಹಿ ಬಿತ್ತು.

ಯಾರೂ ಕೇಳದಿದ್ದರೂ ನಾನು ಹೇಳಲೇಬೇಕಾದದ್ದು ಬೇರೆ ಇದೆ. ನಮ್ಮ ಸೀಮೆಯ ಹುಡುಗರು ಓಟದಲ್ಲಿ ಸೋಲುವುದಕ್ಕಿಂತ ವೈದ್ಯಕೀಯ ಪರೀಕ್ಷೆಯಲ್ಲಿ ಸೋತು ಬಂದಾಗ ನನಗೆ ಹೆಚ್ಚು ಸಂಕಟ. ನೆಟ್ಟಗೆ ನಿಲ್ಲಿಸಿದರೆ ಮಂಡಿಗಳು ಒಂದಕ್ಕೊಂದು ತಗುಲುತ್ತವೆ, ಹಿಮ್ಮಡಿಗಳು ದೂರ ನಿಲ್ಲುತ್ತವೆ. ಅಳತೆ ಮೀರಿದರೆ ಹೊರಗೆ. ಕೋಲಾರ, ಚಿಕ್ಕಬಳ್ಳಾಪುರ, ಅತ್ತ ಪಾವಗಡ, ಸಾವಿರ ಅಡಿ ಕೊರೆದು ತೆಗೆದ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಹಲ್ಲು ಹಳದಿಯಾಗುವುದನ್ನು ಎಲ್ಲರೂ ನೋಡುತ್ತಾರೆ. ಬೆಳೆಯುವ ಮಗುವಿಗೆ ಸುಣ್ಣದ ಅಂಶವೂ (ಕ್ಯಾಲ್ಸಿಯಂ) ಕಡಿಮೆಯಾದರೆ ಮಂಡಿಗಳೂ ಹೀಗೆ ಕೂಡಿಕೊಳ್ಳುತ್ತವೆ ಎಂಬುದನ್ನು ಕಡಿಮೆ ಜನ ಗಮನಿಸುತ್ತಾರೆ. ಪ್ರತಿಯೊಂದು ಮಂಡಿಗೂ ನೀರೇ ಕಾರಣ ಎನ್ನಲಾರೆ, ಹುಟ್ಟಿನಿಂದ ಬಂದದ್ದೂ ಇರುತ್ತದೆ. ಆದರೆ ಎರಡು ಹೊತ್ತೂ ಹಾಲನ್ನು ಡೇರಿಗೆ ಹಾಕಿ, ಮಗುವಿಗೆ ಕಾಫಿಗಾಗುವಷ್ಟು ಉಳಿಸುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಶುದ್ಧ ನೀರಿನ ಘಟಕ ಕೆಟ್ಟು ತಿಂಗಳಾದರೂ ಕೇಳದ ಊರುಗಳನ್ನೂ ಕಂಡಿದ್ದೇನೆ. ಹದಿನೆಂಟಕ್ಕೆ ನನ್ನ ಹತ್ತಿರ ಬಂದವನ ಮಂಡಿಯನ್ನು ನಾನು ಓಡಿಸಿ ಸರಿಮಾಡಲಾರೆ. ಅದು ಆರನೆಯ ವಯಸ್ಸಿನಲ್ಲಿ ನೋಡಬೇಕಾದ ಕೆಲಸ.

ಉಳಿದವು ಕೈಮೀರಿದವಲ್ಲ. ಭುಜದ ಮೇಲೆ ಹುಡುಗಿಯ ಹೆಸರನ್ನು ಹಚ್ಚೆ ಹಾಕಿಸಿಕೊಂಡರೆ ಸೇನೆ ಒಪ್ಪುವುದಿಲ್ಲ, ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗಕ್ಕೆ ಮಾತ್ರ ವಿನಾಯಿತಿ. ಹಲ್ಲು ಹುಳುಕಾಗಿದ್ದರೆ ಮೊದಲೇ ತೋರಿಸಿಕೊಳ್ಳಬೇಕು. ಹೋದ ವರ್ಷ ಐದು ನಿಮಿಷ ಹತ್ತು ಸೆಕೆಂಡಿನಲ್ಲಿ ಓಡಿದ ಹುಡುಗನೊಬ್ಬ ಕಿವಿಯಲ್ಲಿ ಗುಗ್ಗೆ ತುಂಬಿದ್ದಕ್ಕೆ ಮರುಪರೀಕ್ಷೆಗೆಂದು ಅಲೆಯಬೇಕಾಯಿತು.

ಚಿಂತಾಮಣಿಯ ಓದುಗರೇ, ನಿಮ್ಮ ಮನೆಯಲ್ಲಿ ಹದಿನೇಳೂವರೆ ತುಂಬಿದ ಹುಡುಗನಿದ್ದು, ಅವನಿಗೇ ಮನಸ್ಸಿದ್ದರೆ ಕಳಿಸಿಕೊಡಿ. ಬೆಳಿಗ್ಗೆ ಐದಕ್ಕೆ, ಶುಲ್ಕವಿಲ್ಲ. ಬರುವ ಮೊದಲು ಕಿವಿ ತೋರಿಸಿಕೊಂಡು ಬರಲಿ.