ಸತ್ತವರ ಸಾಲ ಯಾರ ತಲೆಗೆ?

ಅಪ್ಪ ಮಾಡಿದ ಸಾಲವನ್ನು ಮಕ್ಕಳು ತೀರಿಸಲೇಬೇಕು ಎಂದು ನಂಬಿದವರು ಇಂದಿಗೂ ಬಹಳ. ಸಾವಿನ ಮನೆಗೆ ವಸೂಲಿಯವರು ಬಂದು ನಿಂತಾಗ, ಕೈಯಲ್ಲಿ ಬಿಡಿಗಾಸಿಲ್ಲದ ಮಗನೋ ಮಗಳೋ ಅವರು ಚಾಚಿದ ಕಾಗದಕ್ಕೆ ಸಹಿ ಹಾಕಿಬಿಡುತ್ತಾರೆ. ಅಲ್ಲಿಯವರೆಗೆ ತಮ್ಮದಲ್ಲದ ಸಾಲ ಆ ಒಂದು ಸಹಿಯಿಂದ ತಮ್ಮದಾಗಬಹುದು ಎಂದು ಹೇಳುವವರು ಹತ್ತಿರ ಇರುವುದಿಲ್ಲ. ಈ ಭಯಕ್ಕೆ ಸಾವಿರಾರು ವರ್ಷಗಳ ಹಿನ್ನೆಲೆಯಿದೆ. ಅದರಿಂದ ಬಿಡಿಸಿಕೊಳ್ಳುವ ದಾರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ ಸಾಲಕ್ಕಾಗಿ ಹೆಂಡತಿ ಮಕ್ಕಳನ್ನು ದುಡಿಯಲು ಒಪ್ಪಿಸಬಹುದಿತ್ತು. 3 ವರ್ಷ ದುಡಿಸಿಕೊಂಡು 4ನೇ ವರ್ಷ ಬಿಡಬೇಕು ಎಂಬುದೇ ಅಲ್ಲಿದ್ದ ದಯೆ. ಕ್ರಿ.ಪೂ. 594ರ ಸುಮಾರಿಗೆ ಅಥೆನ್ಸಿನ ಶಾಸನಕಾರ ಸೋಲನ್, ಮನುಷ್ಯರ ಮೈಯನ್ನೇ ಅಡವಿಟ್ಟು ಸಾಲ ಕೊಡುವುದನ್ನು ನಿಲ್ಲಿಸಿದ. ಆದರೆ ಇವೆಲ್ಲ ಬದುಕಿದ್ದವರ ಮಾತಾಯಿತು. ಸತ್ತವನ ಸಾಲದ ಪ್ರಶ್ನೆಯನ್ನು ಹಿಡಿದು ಜಗ್ಗಾಡಿದವರು ರೋಮನ್ನರು.

ರೋಮಿನಲ್ಲಿ ವಾರಸುದಾರನೆಂದರೆ ಸತ್ತವನ ಜಾಗದಲ್ಲಿ ನಿಂತವನು. ಆಸ್ತಿ ಸಾಲದಿದ್ದರೆ ಸ್ವಂತ ಗಂಟಿನಿಂದ ಕಟ್ಟಬೇಕು. ಹಾಗಾಗಿ ದಿವಾಳಿಯ ಅಂಚಿನಲ್ಲಿದ್ದ ಯಜಮಾನ ಉಯಿಲಿನಲ್ಲಿ ತನ್ನ ಗುಲಾಮನೊಬ್ಬನಿಗೆ ಬಿಡುಗಡೆ ಕೊಟ್ಟು, ಅವನನ್ನೇ ವಾರಸುದಾರನೆಂದು ಬರೆಯುತ್ತಿದ್ದ. ಅವನು ಒಲ್ಲೆ ಎನ್ನುವಂತಿರಲಿಲ್ಲ. ಸಾಲ ಕೊಟ್ಟವರು ಆಸ್ತಿಯನ್ನು ಹರಾಜಿಗೆ ಹಾಕಿದಾಗ ಅವಮಾನ ಯಜಮಾನನ ಹೆಸರಿಗೆ ತಟ್ಟದೆ ಈತನ ಹೆಸರಿಗೆ ಅಂಟುತ್ತಿತ್ತು. 2ನೇ ಶತಮಾನದ ನ್ಯಾಯಪಂಡಿತ ಗಾಯಸ್ ಇದನ್ನು ವಿವರವಾಗಿ ಬರೆದಿದ್ದಾನೆ. ಇದಕ್ಕೆ ಬದಲಾಗಿ ಆ ಮನುಷ್ಯನಿಗೆ ಸಿಗುತ್ತಿದ್ದುದು ಒಂದು ರಕ್ಷಣೆ: ಯಜಮಾನ ಸತ್ತ ಮೇಲೆ ಅವನು ತಾನೇ ಗಳಿಸಿದ್ದಕ್ಕೆ ಯಾರೂ ಕೈ ಹಾಕುವಂತಿಲ್ಲ. ಕ್ರೂರವಾದ ಏರ್ಪಾಡು, ನಿಜ. ಆದರೂ ಮುಂದೆ ಬಂದ ನ್ಯಾಯದ ಬೀಜ ಇಲ್ಲೇ ಇತ್ತು ಎಂದು ನನಗೆ ಅನ್ನಿಸುತ್ತದೆ.

531ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಆ ರಕ್ಷಣೆಯನ್ನು ಎಲ್ಲ ವಾರಸುದಾರರಿಗೂ ತೆರೆದ. ವಿಷಯ ತಿಳಿದ 30 ದಿನದೊಳಗೆ ಸತ್ತವನ ಸೊತ್ತಿನ ಪಟ್ಟಿ ಶುರುವಾಗಬೇಕು, ಮುಂದಿನ 60 ದಿನದಲ್ಲಿ ಮುಗಿಯಬೇಕು. ಹಾಗೆ ಮಾಡಿದವನ ಹೊಣೆ ಆ ಪಟ್ಟಿಯ ಬೆಲೆಯಷ್ಟೇ. 1804ರ ಫ್ರೆಂಚ್ ಸಂಹಿತೆಯೂ ಇದನ್ನು ಉಳಿಸಿಕೊಂಡಿತು.

ನಮ್ಮ ಧರ್ಮಶಾಸ್ತ್ರದ ದಾರಿಯೇ ಬೇರೆ. ಇಲ್ಲಿ ಪಿತೃಋಣ ತೀರಿಸುವುದು ಪರಲೋಕದ ಪ್ರಶ್ನೆ. ಸ್ಮೃತಿಕಾರ ಬೃಹಸ್ಪತಿಯ ಪ್ರಕಾರ ಮಗ ಬಡ್ಡಿಸಮೇತ ಕಟ್ಟಬೇಕು, ಮೊಮ್ಮಗ ಅಸಲು ಮಾತ್ರ. ಆದರೆ ಯಾಜ್ಞವಲ್ಕ್ಯ ಸ್ಮೃತಿ ಸ್ಪಷ್ಟವಾಗಿ ಕೆಲವನ್ನು ಹೊರಗಿಡುತ್ತದೆ: ಕುಡಿತ, ಕಾಮ, ಜೂಜಿಗಾಗಿ ಮಾಡಿದ ಸಾಲ, ಕಟ್ಟದೆ ಉಳಿದ ದಂಡ ಮತ್ತು ಸುಂಕ, ವ್ಯರ್ಥವಾಗಿ ಕೊಡುತ್ತೇನೆಂದ ದಾನ. ಇವು ಮಗನಿಗೆ ಸಂಬಂಧಿಸಿದ್ದಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದದ್ದು ಇದೇ ಸ್ಮೃತಿಗೆ. ಮುಂದೆ ಬ್ರಿಟಿಷರ ಕಾಲದ ನ್ಯಾಯಾಲಯಗಳು ಹಿಂದೂ ಕೌಟುಂಬಿಕ ವ್ಯಾಜ್ಯಗಳಲ್ಲಿ ಹೆಚ್ಚಿನ ಕಡೆ ಮಿತಾಕ್ಷರವನ್ನೇ ಮುಂದಿಟ್ಟುಕೊಂಡವು.

ಆ ಹೊಣೆ ಕರಗಿದ್ದು ನಿಧಾನವಾಗಿ. 1866ರಲ್ಲಿ ಮುಂಬೈ ಪ್ರಾಂತ್ಯದ ಕಾಯ್ದೆಯೊಂದು ಹಿಂದೂ ವಾರಸುದಾರರನ್ನು ಸ್ವಂತ ಹೊಣೆಯಿಂದ ಬಿಡಿಸಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೇ ಕಲಮಿನಂತೆ, ಸತ್ತವರ ಮೇಲಿನ ಡಿಕ್ರಿಯನ್ನು, ಅಂದರೆ ನ್ಯಾಯಾಲಯದ ತೀರ್ಪಿನ ಬಾಕಿಯನ್ನು, ವಾರಸುದಾರರಿಂದ ವಸೂಲು ಮಾಡುವುದಾದರೆ ಅವರ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಮಗ ಎಂಬ ಒಂದೇ ಕಾರಣಕ್ಕೆ ಅಪ್ಪನ ಸಾಲಕ್ಕೆ ಗುರಿಯಾಗುವುದನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕೊನೆಗಾಣಿಸಿತು, ಅದೂ ಅದರ ನಂತರದ ಸಾಲಗಳಿಗೆ.

ಎಲ್ಲ ದೇಶಗಳಲ್ಲೂ ಹೀಗೆ ತಾನಾಗಿ ರಕ್ಷಣೆ ಸಿಗುವುದಿಲ್ಲ. ಜರ್ಮನಿಯಲ್ಲಿ ಸಾಮಾನ್ಯವಾಗಿ 6 ವಾರದೊಳಗೆ ಬೇಡವೆನ್ನದಿದ್ದರೆ ಆಸ್ತಿಯ ಜೊತೆ ಸಾಲವೂ ಬೆನ್ನಿಗೆ ಬೀಳುತ್ತದೆ.

ಸಾಲದಲ್ಲಿ ಮುಳುಗಿದವರು "ನನ್ನ ಹತ್ತಿರ ಏನಿದೆ, ಉಯಿಲು ಯಾಕೆ?" ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬರೆದಿಡುವ ಅಗತ್ಯ ಹೆಚ್ಚಾಗಿರುವುದು ಅವರಿಗೇ. ಯಾರಿಗೆ ಎಷ್ಟು ಬಾಕಿ, ಯಾವುದಕ್ಕೆ ಅಡವಿದೆ, ಯಾವುದಕ್ಕೆ ವಿಮೆಯಿದೆ, ಯಾರು ಜಾಮೀನು ಹಾಕಿದ್ದಾರೆ ಎಂಬ ಒಂದು ಹಾಳೆ ಮನೆಯವರ ಕೈಯಲ್ಲಿರಬೇಕು. ಜಾಮೀನು ಹಾಕಿದವರಿಗೂ ಜಂಟಿಯಾಗಿ ಸಹಿ ಮಾಡಿದವರಿಗೂ ಮೇಲೆ ಹೇಳಿದ ಮಿತಿ ಸಿಗುವುದಿಲ್ಲ. ಸಾಲ ಅವರದೂ ಹೌದು. ಇನ್ನು ಕೊನೆಗಳಿಗೆಯಲ್ಲಿ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಉಪಾಯ ಹಳೆಯದು, ಅದನ್ನು ತಡೆಯುವ ಕಾನೂನೂ ಹಳೆಯದು. ಸಾಲ ಕೊಟ್ಟವರಿಗೆ ತಪ್ಪಿಸಲು ಮಾಡಿದ ಇಂಥ ವರ್ಗಾವಣೆ ನಿಲ್ಲದು ಎಂದು ಇಂಗ್ಲೆಂಡ್ 1571ರಲ್ಲೇ ಕಾಯ್ದೆ ಮಾಡಿತ್ತು.

ಆಸ್ತಿ ಸಾಲಕ್ಕೆ ಸಾಲದಿದ್ದಾಗ ಪಾವತಿಗೂ ಒಂದು ಸರದಿಯಿದೆ. ಅಂತ್ಯಕ್ರಿಯೆಯ ಮತ್ತು ಆಸ್ತಿ ನಿರ್ವಹಣೆಯ ಖರ್ಚು ಮೊದಲ ಸಾಲಿನಲ್ಲಿ ಬರುತ್ತವೆ. ಅಡವು ಇಲ್ಲದ ಸಾಲ ಕೊಟ್ಟವರಿಗೆ ಉಳಿದದ್ದು ಅವರವರ ಬಾಕಿಯ ಪ್ರಮಾಣದಲ್ಲಿ ಹಂಚಿಕೆಯಾಗಬೇಕು. ಜೋರಾಗಿ ಗದರಿದವನಿಗೆ ಮೊದಲು ಕೊಟ್ಟುಬಿಟ್ಟರೆ, ಮಿಕ್ಕವರ ಪಾಲಿಗೆ ಆಸ್ತಿ ನೋಡಿಕೊಳ್ಳುತ್ತಿದ್ದವರೇ ಉತ್ತರ ಕೊಡಬೇಕಾಗಿ ಬರಬಹುದು.