ಕಲಿಸಿದ ಹುಡುಗ ಬಾಜೂ ಶೆಡ್ಡಿಗೆ ಹೋದ್ರೆ?

ಪುಣೆಯ ಭೋಸರಿ, ಚಾಕಣ ಕಡೆ ವರ್ಕ್‌ಶಾಪ್ ಇಟ್ಕೊಂಡಿರೋ ನಮ್ಮ ಬೆಳಗಾವಿ, ವಿಜಯಪುರದ ಕಡೆಯೋರು ಲೆಕ್ಕ ಮುಗಿಸೋಕೆ ನನ್ನ ಹತ್ರ ಕೂತಾಗ ಕೇಳೋದು ಹೆಚ್ಚುಕಮ್ಮಿ ಇದೇ, "ಸಿಎನ್‌ಸಿ ಮಷೀನು (ಕಂಪ್ಯೂಟರ್ ನಡೆಸೋ ಮಷೀನು) ಆಸ್ತಿ ಅಂತ ಬರೀತೀರಿ, ಹುಡುಗನ್ನ ಟ್ರೇನಿಂಗಿಗೆ ಕಳಿಸಿದ ರೊಕ್ಕ ಖರ್ಚಿನಾಗ ಯಾಕ್ರೀ ಸರ್?"

ಕಾರಣ ಸಿಂಪಲ್. ಮಷೀನು ನಿಮ್ಮ ಹಿಡಿತದಲ್ಲಿದೆ, ಹುಡುಗ ಇಲ್ಲ. ಕಣ್ಣಿಗೆ ಕಾಣದ ಆಸ್ತಿಯ ಲೆಕ್ಕ ಹೇಗೆ ಬರೀಬೇಕು ಅಂತ ಹೇಳೋ ನಿಯಮ, ಅಕೌಂಟಿಂಗ್ ಸ್ಟಾಂಡರ್ಡ್ 26, ಹೇಳೋದೂ ಅದನ್ನೇ, ಟ್ರೇನಿಂಗ್ ದುಡ್ಡು ಆ ವರ್ಷದ ಖರ್ಚು ಅಷ್ಟೇ. ಆದ್ರೆ ಟ್ಯಾಕ್ಸ್ ಕಡೆಯಿಂದ ನೋಡಿದ್ರೆ ಇದೇ ಲಾಭ, ಮಾಮೂಲಿ ಮಷೀನಿಗೆ ವರ್ಷಕ್ಕೆ 15% ಡಿಪ್ರಿಸಿಯೇಷನ್ (ಸವಕಳಿ) ಸಿಕ್ಕಿದ್ರೆ ಕೆಲಸದವರ ಟ್ರೇನಿಂಗ್ ಸಾಮಾನ್ಯವಾಗಿ ಪೂರ್ತಿ ಅದೇ ವರ್ಷ ಆದಾಯದಿಂದ ಕಳೀಬಹುದು. ಇದನ್ನ ಹೇಳಿದ್ರೂ ಮಾರ್ಕೆಟ್ ಸ್ವಲ್ಪ ಡಲ್ ಆದ ತಕ್ಷಣ ಮೊದಲು ಕತ್ತರಿ ಬೀಳೋದು ಅಲ್ಲಿಗೇ!

"ಕಲಿಸಿದ ಮ್ಯಾಲ ಓಡಿ ಹೋದ್ರ?" ಓಡ್ತಾನೆ, ಕೆಲವರು ಓಡೇ ಓಡ್ತಾರೆ. ಕೆಲಸ ಬಿಟ್ಟ ಮೇಲೆ ಪಕ್ಕದ ಕಂಪನಿಗೆ ಸೇರಬಾರದು ಅಂತ ಬರೆಸ್ಕೊಂಡ್ರೆ ಅದು 1872ರ ಕಾಂಟ್ರಾಕ್ಟ್ ಆಕ್ಟಿನ 27ನೇ ಸೆಕ್ಷನ್ ಪ್ರಕಾರ ನಿಲ್ಲಲ್ಲ. ಇಷ್ಟು ವರ್ಷ ಇರಬೇಕು, ಇಲ್ಲಾಂದ್ರೆ ದುಡ್ಡು ಕಟ್ಟಬೇಕು ಅನ್ನೋ ಬಾಂಡು ಬೇರೆ ವಿಷಯ, 2025ರಲ್ಲಿ ಸುಪ್ರೀಂ ಕೋರ್ಟು ಒಂದು ಬ್ಯಾಂಕಿನ 3 ವರ್ಷ, 2 ಲಕ್ಷದ ಬಾಂಡನ್ನ ಎತ್ತಿಹಿಡೀತು. ಹಾಗಂತ ಶೆಡ್ಡಿನ ಹೆಲ್ಪರ್ ಹತ್ರ ಬಾಯಿಗೆ ಬಂದ ಮೊತ್ತ ಬರೆಸ್ಕೊಳ್ಳೋಕಾಗಲ್ಲ.

ನಾನು ಹೇಳೋದು, ಹುಡುಗನ್ನ ಕಟ್ಟಿ ಹಾಕೋ ಬದಲು ಅವನ ತಲೇಲಿರೋದನ್ನ ಹಾಳೆಗಿಳಿಸಿ. ಯಾವ ಪಾರ್ಟ್‌ಗೆ ಯಾವ ಟೂಲು, ಎಷ್ಟು ಸ್ಪೀಡು, ಆಫ್‌ಸೆಟ್ (ಟೂಲಿನ ಅಳತೆ ಹೊಂದಿಸೋ ಅಂಕಿ) ಎಷ್ಟು, ಎಲ್ಲಿ ರಿಜೆಕ್ಷನ್ ಬರತ್ತೆ, ಇದೆಲ್ಲ ಮಷೀನು ಸೆಟ್ ಮಾಡೋ ಹಳೇ ಸೆಟ್ಟರ್ ಒಬ್ಬನಿಗೇ ಗೊತ್ತಿದ್ರೆ ಅವನು ಊರ ಜಾತ್ರೆಗೆ ಹೋದ ವಾರ ಮಷೀನು ಸುಮ್ನೆ ನಿಲ್ಲತ್ತೆ. ಬರೆಸೋಕೆ ಅವನಿಗೆ ಓವರ್‌ಟೈಮ್ ಕೊಡಿ, ಪುಕ್ಕಟೆ ಯಾರೂ ಬರೆಯಲ್ಲ. ಸಂಬಳದ ನೌಕರ ಡ್ಯೂಟಿ ಭಾಗವಾಗಿ ಬರೆದಿದ್ದು, ಬೇರೆ ಒಪ್ಪಂದ ಇಲ್ಲದಿದ್ರೆ, ಕಾಪಿರೈಟ್ ಕಾಯ್ದೆ ಪ್ರಕಾರ ಮಾಲೀಕರದ್ದೇ.

ಹೊರಗಿನವನ ಹತ್ರ ಮಾಡಿಸಿದ ಸಾಫ್ಟ್‌ವೇರ್ ಮಾತ್ರ ಹಾಗಲ್ಲ. ಬಿಲ್ಲಿಂಗ್ ಆ್ಯಪ್‌ಗೆ ಪೂರ್ತಿ ದುಡ್ಡು ಕೊಟ್ಟಿದ್ರೂ, ಬರವಣಿಗೇಲಿ ಸಹಿ ಹಾಕಿ ವರ್ಗಾಯಿಸದಿದ್ರೆ ಹಕ್ಕು ಬರೆದವನ ಹತ್ರಾನೇ ಉಳಿಯತ್ತೆ. ವರ್ಗಾವಣೆ ಪತ್ರದಲ್ಲಿ ಅವಧಿ ಹಾಕದಿದ್ರೆ ಕಾಯ್ದೆ ಅದನ್ನ 5 ವರ್ಷ ಅಂತ ಹಿಡಿಯತ್ತೆ, ಜಾಗ ಹಾಕದಿದ್ರೆ ಭಾರತ ಅಷ್ಟೇ. ಕೊನೇ ಕಂತು ಕೊಡೋಕೆ ಮುಂಚೆ ಸಹಿ ತಗೊಳ್ಳಿ, ಆಮೇಲೆ ಅವನ ಫೋನು ಹತ್ತಲ್ಲ.